ಜಮಾದಾರನ ಪಾಲು

ಗೂಳಿಹಾಳದ ತಳವಾರ ದ್ಯಾವಪ್ಪನಿಗೆ ಇದ್ದದ್ದು ಎಲ್ಲರಂತೆ ಎರಡೇ ಕಾಲು. ಅವುಗಳ ಮೇಲೆ ಹಕ್ಕು ಇದ್ದವರು ಮಾತ್ರ ಭಾಳ ಮಂದಿ. ಗೌಡರು ಕರೆದರೆ ಗೌಡರ ಕಡೆ, ಕುಲಕರ್ಣಿ ಕೂಗಿದರೆ ಕುಲಕರ್ಣಿಯ ಕಡೆ, ಯಲಬುರ್ಗಿಯ ಕಚೇರಿಯಿಂದ ಹುಕುಂ ಬಂದರೆ ಯಲಬುರ್ಗಿಯ ಕಡೆ. ಊರಿನ ಕಾಗದ ಕಚೇರಿಗೆ ಒಯ್ಯಬೇಕು, ಕಚೇರಿಯ ಬೈಗುಳ ಊರಿಗೆ ತರಬೇಕು. ಕಳುವಾದರೆ ಕಳ್ಳನ ಹೆಜ್ಜೆ ಹಿಡಿದು ಹೋಗಬೇಕು, ಕಳುವಾಗದಿದ್ದರೆ ಆಗದ ಹಾಗೆ ಸುತ್ತಬೇಕು. ನಿಜಾಮರ ಕಾಲದ ತಳವಾರಿಕೆ ಎಂದರೆ ಇಷ್ಟೇ: ಸರಕಾರ ಕೂತಲ್ಲಿ ಕೂತಿರುತ್ತಿತ್ತು, ತಳವಾರ ಅದರ ಪರವಾಗಿ ನಡೆಯುತ್ತಿದ್ದ. ಹೆಸರಿನಲ್ಲೇನೋ ತಳ ಇತ್ತು, ಕಾಯಲು ಊರೂ ಇತ್ತು. ತಳ ಊರುವ ಭಾಗ್ಯ ಮಾತ್ರ ಇರಲಿಲ್ಲ.

ಇಂಥವನ ಮನೆಗೆ, ದಿನಾ ಓಡಿಸಲೇಬೇಕಾದ ಒಂದು ನಾಯಿ ಬಂತು.

ಬಂದದ್ದು ಮಗಳ ಮದುವೆಯಿಂದ. ಅದು ತಿಳಿಯಬೇಕಾದರೆ ಆ ಊರಿನ ಬೇಟೆಯ ರೀತಿ ಮೊದಲು ತಿಳಿಯಬೇಕು. ಉಗಾದಿಯ ಮರುದಿನ, ಕರಿಯ ದಿನ, ಗೂಳಿಹಾಳದ ಗಂಡಸರು ನಾಯಿ ಕಟ್ಟಿಕೊಂಡು ಗುಡ್ಡಕ್ಕೆ ಹೋಗುತ್ತಿದ್ದರು. ಮುಂಜಾನೆ ಹಲಗೆಯವನು ಮನೆ ಮನೆಯ ಬಾಗಿಲಲ್ಲಿ ನಿಂತು, ಬಾರಿಸಿ, ಆ ಮನೆಯ ಗಂಡಾಳಿನ ಹೆಸರು ಕೂಗುವನು. ಸಂಜೆ, ಸಿಕ್ಕ ಮೊಲ, ಚಿಗರಿ ಊರ ಹೊರಗಿನ ಚಪ್ಪಟೆ ಬಂಡೆಯ ಮೇಲೆ ಪಾಲಾಗುತ್ತಿದ್ದವು. ಗಂಡಾಳಿಗೊಂದು ಪಾಲು, ನಾಯಿಗೊಂದು ಪಾಲು. ನಾಯಿಯ ಪಾಲಿನಲ್ಲಿ ಕೊರಳಿನ ಒಂದು ಚೂರಾದರೂ ಇರಲೇಬೇಕು, ಯಾಕೆಂದರೆ ನಾಯಿ ಬಾಯಿ ಹಾಕುವುದು ಅಲ್ಲಿಗೆ. ನಾಯಿ ಮೊಲ ಹಿಡಿದಿರಲಿ, ಮೊಲದ ಮುಖವನ್ನೇ ನೋಡದಿರಲಿ, ಪಾಲು ಉಂಟು. ಶರತ್ತು ಒಂದೇ: ಗುಡ್ಡದ ಕಡೆಯಿಂದ ಬಂಡೆಯ ತನಕ ತನ್ನ ಕಾಲ ಮೇಲೆ ತಾನು ಬರಬೇಕು. ಹೊತ್ತು ತಂದರೆ ಇಲ್ಲ, ಎಳೆದು ತಂದರೆ ಇಲ್ಲ. ‘ಕಾಲಿಂದ ಬಂದದ್ದಕ್ಕ ಪಾಲು’ ಎನ್ನುವುದು ಊರಿನ ಮಾತು. ಗಂಡಸರಿಗೂ ಮಾತು ಅದೇ. ಆದರೆ ಹೆಂಡ ಕುಡಿದ ಗಂಡಸರ ವಿಷಯದಲ್ಲಿ ಸ್ವಲ್ಪ ಸಡಿಲು ಬಿಡುತ್ತಿದ್ದರು. ನಾಯಿಗಳು ಕುಡಿಯುತ್ತಿರಲಿಲ್ಲವಾದ್ದರಿಂದ ಅವಕ್ಕೆ ಸಡಿಲು ಇರಲಿಲ್ಲ.

ಪಾಲು ಹಾಕುತ್ತಿದ್ದವನು ಮುಲ್ಲಾ ಹೈದರಸಾಬ. ನಾಯಿ ಹಿಡಿದು ಕೊಂದದ್ದು ಅವನಿಗೆ ಹರಾಮು, ಒಂದು ಚೂರೂ ಬಾಯಿಗೆ ಹಾಕುವ ಹಾಗಿಲ್ಲ. ಅದಕ್ಕೇ ಕತ್ತಿ ಅವನ ಕೈಯಲ್ಲಿ. ತಿನ್ನುವವನ ಕೈಗೆ ಕತ್ತಿ ಕೊಟ್ಟರೆ ಮಾಂಸ ಕಡಿಯುತ್ತದೆ, ಜಗಳ ಕಡಿಯುವುದಿಲ್ಲ ಎಂದು ಹಿಂದಿನವರು ತಿಳಿದಿದ್ದರು.

ಆ ನಾಯಿಪಾಲನ್ನು ಯಾರೂ ಮನೆಯಲ್ಲಿ ಬೇಯಿಸುತ್ತಿರಲಿಲ್ಲ. ಉಪ್ಪು ಅರಿಸಿನ ಹಚ್ಚಿ, ಮುತ್ತಲೆಲೆಯಲ್ಲಿ ಕಟ್ಟಿ, ಮರುದಿನ ಕೊಟ್ಟ ಹೆಣ್ಣುಮಗಳ ಮನೆಗೆ ಒಯ್ಯಬೇಕು. ಅದು ಬಂತೆಂದರೆ ತೌರಿನಲ್ಲಿ ಇನ್ನೂ ಕಾವಲಿದೆ ಎಂದು ಅರ್ಥ. ಬರಲಿಲ್ಲವೆಂದರೆ ಮುಂದಿನ ಉಗಾದಿಯ ತನಕ ಅತ್ತೆಯ ಬಾಯಿಂದ ಬರುವುದೇ ಆ ಹುಡುಗಿಯ ಪಾಲು. ಈ ಬಾಧ್ಯತೆಗೂ ಒಂದು ಕೊನೆ ಉಂಟು: ಮಗಳ ಮಗಳಿಗೆ ನಿಶ್ಚಯ ಆಗುವ ತನಕ ಕಳಿಸಬೇಕು. ಆಮೇಲೆ ಕಳಿಸುವ ಸರದಿ ಮಗಳ ಮನೆಯದು.

ದ್ಯಾವಪ್ಪನ ಒಬ್ಬಳೇ ಮಗಳು ಫಕೀರಮ್ಮನನ್ನು ನೋಡಲು ತಾವರಗೇರಿಯ ಕಡೆಯಿಂದ ಬೀಗರು ಬಂದದ್ದು ಶ್ರೀಮುಖ ಸಂವತ್ಸರದಲ್ಲಿ, ಎಂದರೆ ಸಾವಿರದ ಒಂಬೈನೂರ ಮೂವತ್ತಮೂರರಲ್ಲಿ. ಹುಡುಗನ ತಾಯಿ ಕಳಕಮ್ಮ ಬಂಗಾರ ಕೇಳಲಿಲ್ಲ, ಬೆಳ್ಳಿ ಕೇಳಲಿಲ್ಲ. ಚಾಪೆಯ ಮೇಲೆ ಸರಿಯಾಗಿ ಕೂತುಕೊಂಡು ಕೇಳಿದಳು:

"ಮನ್ಯಾಗ ನಾಯಿ ಐತೇನ್ರಿ?"

ದ್ಯಾವಪ್ಪ ಬಾಯಿ ತೆರೆಯುವುದರೊಳಗೆ ಹೆಂಡತಿ ಕರಿಯವ್ವ ಅಂದಳು: "ಐತ್ರಿ. ತೌರಮನಿಗೆ ಹೋಗೈತಿ. ಬರ್ತೈತಿ."

ಅದೇನು ಪೂರ್ತಿ ಸುಳ್ಳಲ್ಲ. ಮಾರನೆಯ ವಾರವೇ ಕರಿಯವ್ವನ ತೌರಿನಿಂದ ಅವಳ ತಮ್ಮ ಒಂದು ಮರಿಯನ್ನು ಕಂಬಳಿಯಲ್ಲಿ ಸುತ್ತಿ ತಂದ. ಅಪ್ಪ ಮುಧೋಳದ ಕಡೆಯ ಬೇಟೆನಾಯಿ, ಅವ್ವ ಇಲ್ಲಿಯಾಕೆ ಎಂದ. ನೋಡಿದರೆ ಮರಿಯ ಶ್ರೀಮುಖವೊಂದು ಮುಧೋಳದ್ದು, ಉಳಿದದ್ದೆಲ್ಲ ಯಲಬುರ್ಗಿ ತಾಲೂಕು.

"ಮಾವ, ಒಂದು ಉಗಾದಿ ನೋಡಲಿ, ಎರಡನೇ ಉಗಾದಿಗೆ ಓಡಲಿ," ಎಂದು ಅವನು ಹೇಳಿದ. "ಎಲಬು ಇನ್ನ ಹಸಿ ಇರ್ತಾವ. ಮೊದಲನೇ ಉಗಾದಿಗೆ ಓಡಿಸಿದ ಮರಿ ಮುಂದ ಜಲ್ಮಕ್ಕ ಕುಂಟತೈತಿ. ಎಲಬು ಬಲಿತ ಮ್ಯಾಲ ಮಾತ್ರ ದಿನಾ ಓಡಿಸಬೇಕು. ಕಟ್ಟಿ ಹಾಕಿದ್ರ ಇದು ಹಗ್ಗ ಕಡಿಯಂಗಿಲ್ಲ, ನಿನ್ನ ತಲಿ ಕಡೀತೈತಿ."

"ದಿನಾ?"

"ದಿನಾ."

ದ್ಯಾವಪ್ಪ ತನ್ನ ಕಾಲು ನೋಡಿಕೊಂಡ.

ಮರಿಗೆ ಅವನು ಜಮಾದಾರ ಎಂದು ಹೆಸರಿಟ್ಟ. ಯಲಬುರ್ಗಿಯ ಕಚೇರಿಯಲ್ಲಿ ಅವನನ್ನು ಬಯ್ಯುವವರಲ್ಲಿ ಸಿಪಾಯಿಗಳ ಮೇಲಿನ ಜಮಾದಾರನೇ ಮುಖ್ಯ. ಹಗಲೆಲ್ಲ ಆ ಜಮಾದಾರ ಬಾ ಎಂದರೆ ಬರುವುದು, ನಿಲ್ಲು ಎಂದರೆ ನಿಲ್ಲುವುದು. ಸಂಜೆ ಮನೆಗೆ ಬಂದು, "ಜಮಾದಾರ, ಕೂಡು," ಎಂದು ಒಂದು ಸಲ ಅಂದರೆ ನಡು ನೋವು ಅರ್ಧ ಇಳಿಯುತ್ತಿತ್ತು. ಈ ಔಷಧ ನಡೆದದ್ದು ನಿಜವಾದ ಜಮಾದಾರ ಊರಿಗೆ ಬರುವ ತನಕ. ಅವನು ದ್ಯಾವಪ್ಪನ ಬಾಗಿಲಲ್ಲಿ ಕುದುರೆ ಇಳಿಯುವ ಹೊತ್ತಿಗೆ ಸರಿಯಾಗಿ ಒಳಗಿನಿಂದ ಕರಿಯವ್ವನ ದನಿ ಕೇಳಿತು: "ಏ ಜಮಾದಾರ, ಮತ್ತ ಒಳಗ ಉಚ್ಚಿ ಹೊಯ್ದಿಯೇನೋ ಮುದೇವಿ?" ಆ ತಿಂಗಳು ತಾಲೂಕಿನ ಕಾಗದಗಳೆಲ್ಲ ದ್ಯಾವಪ್ಪನ ಕೈಯಲ್ಲೇ ಹೋದವು.

ಮದುವೆಯಾಯಿತು, ಮೊದಲನೇ ಉಗಾದಿ ಬಂತು. ಗೂಳಿಹಾಳದವರು ನಾಯಿ ಸಾಕುವ ಬಗೆ ಹೀಗಿತ್ತು: ವರ್ಷವೆಲ್ಲ ಗೂಟಕ್ಕೆ ಕಟ್ಟಿ ಹಾಕುವುದು, ಬೇಟೆಯ ಮುಂಚೆ ಕೆಚ್ಚು ಬರಲಿ ಎಂದು ಉಪವಾಸ ಕೆಡವುವುದು, ಕರಿಯ ದಿನ ಹಗ್ಗ ಬಿಚ್ಚಿ ಕಾದ ಗರಸು ಕಲ್ಲಿನ ಮೇಲೆ ಬೆಳಗಿನಿಂದ ಬೈಗಿನ ತನಕ ಓಡಿಸುವುದು. ಪಾಲು ತಲೆಗಿಷ್ಟು ಎಂದ ಮೇಲೆ ಮರಿ, ಮುದಿ, ಕುಂಟು ಯಾವುದನ್ನೂ ಮನೆಯಲ್ಲಿ ಬಿಡುತ್ತಿರಲಿಲ್ಲ. ಸಂಜೆ ಬಂಡೆಯ ಮುಂದೆ ನಿಂತ ಸಾಲು ನೋಡಿದರೆ ಬೇಟೆಯಿಂದ ಬಂದವೋ ದವಾಖಾನೆಗೆ ಹೊರಟವೋ ಹೇಳುವುದು ಕಷ್ಟ.

"ಮರಿನ ಕರಕೊಂಡು ಹೋಗು," ಎಂದಳು ಕರಿಯವ್ವ. "ಹಿಡೀಲಿ ಬಿಡಲಿ, ನಡಕೋತ ಬಂದ್ರ ಸಾಕು. ಹುಡುಗಿಗೆ ಮೊದಲನೇ ಉಗಾದಿ."

"ಒಂದು ಉಗಾದಿ ನೋಡಲಿ ಅಂದಾನ ನಿನ್ನ ತಮ್ಮ."

"ಅಂವ ಅಂದ ಮಾತು ನೀ ಯಾವಾಗಿಂದ ಕೇಳಾಕ ಹತ್ತೀದಿ?"

ದ್ಯಾವಪ್ಪನದು ಧೈರ್ಯವಲ್ಲ, ದಣಿವು. ಮರಿ ದಾರಿಯಲ್ಲಿ ಕೂತರೆ ಹೊತ್ತು ತರುವವನು ತಾನೇ ಎಂಬುದು ಅವನಿಗೆ ಗೊತ್ತಿತ್ತು. ಒಬ್ಬನೇ ಹೋದ, ಗಂಡಾಳಿನ ಪಾಲು ತಂದ, ಮನೆಯಲ್ಲಿ ಉಂಡರು. ತಾವರಗೇರಿಯ ಕಡೆ ಏನೂ ಹೋಗಲಿಲ್ಲ.

ಪಂಚಮಿಗೆ ಫಕೀರಮ್ಮ ತೌರಿಗೆ ಬಂದಳು. ಮೂರನೆಯ ದಿನ ಬೀಸುವ ಕಲ್ಲಿನ ಮುಂದೆ ಕೂತು, ಕಲ್ಲಿಗೆ ಹೇಳಿದ ಹಾಗೆ ಹೇಳಿದಳು: "ನಮ್ಮತ್ತಿ ಕೇಳ್ತಾಳ, ನಿಮ್ಮಪ್ಪನ ಮನಿ ನಾಯಿ ಇನ್ನ ತೌರಾಗ ಐತೇನು ಅಂತ. ನೀರಿಗೆ ಹೋದಲ್ಲೆಲ್ಲ ಅದ ಮಾತು. ನಾ ಏನ್ ಹೇಳಲೆಪ್ಪ?"

ದ್ಯಾವಪ್ಪ ಕಟ್ಟೆಯ ಮೇಲೆ ಕೂತಿದ್ದ. ಮರಿ ಅವನ ಹೆಬ್ಬೆರಳು ಕಡಿಯುತ್ತಿತ್ತು. ಮರುದಿನ ಬೆಳಕು ಹರಿಯುವ ಮೊದಲೇ ಎದ್ದು ಅದನ್ನು ಹಳ್ಳದ ತನಕ ನಡೆಸಿಕೊಂಡು ಬಂದ. ಆಮೇಲೆ ಯಲಬುರ್ಗಿಗೆ ಹೋದ.

ಅಲ್ಲಿಂದ ಅದೇ ಶುರುವಾಯಿತು. ಮಳೆಗಾಲ ಮುಗಿಯುವ ತನಕ ಹಳ್ಳದವರೆಗೆ ಮಾತ್ರ. ದಸರೆಯ ಬನ್ನಿ ಮುಗಿದ ಮೇಲೆ ದಾರಿಯ ಬೇವಿನ ಗಿಡದವರೆಗೆ. ಅಲ್ಲಿ ನಿಂತು "ತಿರುಗು" ಎಂದರೆ ಜಮಾದಾರ ಮುಖ ಸಣ್ಣದು ಮಾಡಿಕೊಂಡು ತಿರುಗುವುದು. ಒಂದೊಂದು ದಿನ ತಿರುಗದೆ ಹಿಂದೆಯೇ ಬಂದು ಸೀಮೆಗಲ್ಲಿನ ಹತ್ತಿರ ದಣಿದು ಕೂತುಬಿಡುವುದು. ಆಗ ಒಂದು ಹೆಗಲಿಗೆ ಸರಕಾರದ ಕಾಗದದ ಚೀಲ, ಇನ್ನೊಂದು ಹೆಗಲಿಗೆ ಜಮಾದಾರ. ಎರಡರಲ್ಲಿ ಭಾರ ಯಾವುದೆಂದು ದ್ಯಾವಪ್ಪನನ್ನು ಯಾರೂ ಕೇಳಲಿಲ್ಲ. ಚಳಿಗಾಲ ಕಳೆಯುವ ಹೊತ್ತಿಗೆ ಎದೆ ಇಳಿದು, ನಡು ಏರಿ, ನಾಯಿ ನಾಯಿಯಾಯಿತು. ಯಲಬುರ್ಗಿಯ ತನಕವೂ ಬರತೊಡಗಿತು. ದ್ಯಾವಪ್ಪ ಒಂದು ಸಲ ಹೋಗಿ ಬರುವುದರೊಳಗೆ ಜಮಾದಾರ ಅಡ್ಡ ಉದ್ದ ಓಡಿ ಮೂರು ಸಲ ಹೋಗಿ ಬಂದಷ್ಟು ದಾರಿ ಮುಗಿಸುತ್ತಿತ್ತು, ಅದೂ ಸಂಬಳವಿಲ್ಲದೆ.

ಮುಂದಿನ ಉಗಾದಿಗೆ ಹುಟ್ಟಿದ ಸಂವತ್ಸರದ ಹೆಸರೇ ಯುವ. ಊರಿನ ನಾಯಿಗಳೆಲ್ಲ ಮೂರು ದಿನದ ಉಪವಾಸದಲ್ಲಿ ಗುಡ್ಡ ಹತ್ತುವುದರೊಳಗೆ ನಾಲಿಗೆ ಚೆಲ್ಲಿದವು. ವರ್ಷವೆಲ್ಲ ನಡೆದು, ಮುಂಜಾನೆ ಮಜ್ಜಿಗೆ ನುಚ್ಚು ಉಂಡು ಬಂದಿದ್ದ ಜಮಾದಾರನಿಗೆ ಇದು ಕಾಗದವಿಲ್ಲದ ಯಲಬುರ್ಗಿ, ಅಷ್ಟೇ. ಅವನು ಮೊಲ ಹಿಡಿದ, ಕರಿಗಂಬಳಿಯಂಥ ಹೊಲದ ಮೇಲೆ ಇನ್ನೊಂದು ಹಿಡಿದ. ಸಂಜೆ ತನ್ನ ಕಾಲ ಮೇಲೆ ತಾನು ಬಂಡೆಗೆ ಬಂದು ಹೈದರಸಾಬನ ಕತ್ತಿಯ ಮುಂದೆ ಕೂತ.

"ಅರೆರೆ, ಜಮಾದಾರ ಸಾಹೇಬರು," ಎಂದು ಹೈದರಸಾಬ ನಕ್ಕು ಕೊರಳಿನ ಚೂರು ಹಾಕಿದ.

ಆ ವರ್ಷ ಮುತ್ತಲೆಲೆಯ ಗಂಟು ತಾವರಗೇರಿಯ ದಾರಿ ಹಿಡಿಯಿತು. ಫಕೀರಮ್ಮ ಆಗ ಬಸುರಿ.

ಅಲ್ಲಿಂದ ಮುಂದೆ ಒಂದು ಎಂಟು ವರ್ಷ ಒಂದೇ ಹಾಡು. ದ್ಯಾವಪ್ಪ ಬೇಸತ್ತ. ಹುಕುಂ ಇದ್ದ ದಿನ ಹುಕುಮಿಗೆ ನಡೆಯಬೇಕು, ಇಲ್ಲದ ದಿನ ಜಮಾದಾರನೇ ಹುಕುಂ. ಒಂದು ದಿನ ಕೂತುಬಿಡೋಣ ಎಂದು ಕೂತರೆ ನಾಯಿ ಕರಿಯವ್ವ ಹೊದೆಯುವ ಕೌದಿ ಹರಿಯುವುದು, ನೆರೆಮನೆಯ ಗೋಡೆಯ ಬುಡ ಕೆದರುವುದು, ಇಲ್ಲವೇ ಎದುರಿಗೆ ನಿಂತು ಸುಮ್ಮನೆ ನೋಡುವುದು. ಕೊನೆಯದೇ ಹೆಚ್ಚು ಕಷ್ಟ. "ಓಡಿಸದ ನಾಯಿ ಮನಿ ಓಡಸ್ತೈತಿ" ಎಂದು ಗೊಣಗುತ್ತ ಏಳುತ್ತಿದ್ದ. ಜ್ವರ ಬಂದಾಗಲೂ ಕಂಬಳಿ ಹೊದ್ದು ಹಳ್ಳದ ತನಕ ಹೋದ. ಊರಿನವರ ನಾಯಿಗಳು ಆರು ಉಗಾದಿ, ಏಳು ಉಗಾದಿಗೆ ಮಣ್ಣಾಗುತ್ತಿದ್ದವು. ಅವರು ಹೊಸ ಮರಿ ತಂದು ಮತ್ತೆ ಗೂಟಕ್ಕೆ ಕಟ್ಟುತ್ತಿದ್ದರು. ಜಮಾದಾರ ಉಳಿದ. ಅದು ದ್ಯಾವಪ್ಪನ ಜಾಣತನ ಎಂದು ಯಾರೂ ಅನ್ನಲಿಲ್ಲ, ಅವನೂ ಅಂದುಕೊಳ್ಳಲಿಲ್ಲ. ಅವನಿಗೆ ನಡೆಯುವ ಕೆಲಸ ಇತ್ತು, ನಾಯಿ ಜೊತೆಗೆ ಬಂತು.

ಆಮೇಲೆ ಒಂದು ವರ್ಷ ಮೂತಿ ಬೆಳ್ಳಗಾಯಿತು. ಮುಂದೆ ಓಡುತ್ತಿದ್ದ ನಾಯಿ ಪಕ್ಕಕ್ಕೆ ಬಂತು. ದ್ಯಾವಪ್ಪನಿಗೆ ಒಳಗೊಳಗೆ ಸಂತೋಷ. ಕೊನೆಗೂ ಇಬ್ಬರ ಹೆಜ್ಜೆ ಕೂಡಿತು. ಆ ಸುಖ ಭಾಳ ದಿನ ಇರಲಿಲ್ಲ. ಪಕ್ಕಕ್ಕೆ ಬಂದ ನಾಯಿ ಹಿಂದಕ್ಕೆ ಬಿತ್ತು. ಯಲಬುರ್ಗಿ ನಿಂತಿತು, ಬೇವಿನ ಗಿಡ ನಿಂತಿತು, ಹಳ್ಳ ಉಳಿಯಿತು. ಒಂದು ಮಳೆಗಾಲ ‘ಇನ್ನು ಮಲಗಲಿ ಪಾಪ, ನಾನೂ ಮಲಗತೀನಿ’ ಎಂದು ಎಂಟು ದಿನ ಬಿಟ್ಟ. ಒಂಬತ್ತನೆಯ ದಿನ ನಾಯಿಯ ಹಿಂಗಾಲು ಏಳಲೇ ಇಲ್ಲ. ಕರಿಯವ್ವ ಹರಳೆಣ್ಣೆ ಕಾಸಿ ತಿಕ್ಕಿದಳು, ದ್ಯಾವಪ್ಪ ಹೊಟ್ಟೆಗೆ ಟವೆಲು ಕೊಟ್ಟು ಎತ್ತಿ ನಿಲ್ಲಿಸಿದ. ಅಂದಿನಿಂದ ಹೊಸ ಕಾಯಿದೆ: ಮುಂಜಾನೆ ಸ್ವಲ್ಪ, ಸಂಜೆ ಸ್ವಲ್ಪ, ಕಲ್ಲು ಬಿಟ್ಟು ಹಳ್ಳದ ಉಸುಕಿನ ಮೇಲೆ, ಚಳಿ ಇದ್ದರೆ ಬಿಸಿಲೇರಿದ ಮೇಲೆ. ಹೆಚ್ಚು ನಡೆಸಿದರೆ ಕೂಡುವನು, ನಡೆಸದಿದ್ದರೆ ಏಳನು. ಎಳೆ ಮರಿಗೆ ಮಾಡಿದ್ದನ್ನೇ ಮತ್ತೆ ಮಾಡಬೇಕಾಯಿತು, ಆದರೆ ಆಗ ದಾರಿ ಬೆಳೆಯುತ್ತಿತ್ತು, ಈಗ ಸಣ್ಣದಾಗುತ್ತಿತ್ತು.

"ಇನ್ನೊಂದು ಮರಿ ತರೋಣೇನು?" ಎಂದು ಕರಿಯವ್ವ ಒಮ್ಮೆ ಕೇಳಿದಳು.

"ತಾ. ಬರೋವಾಗ ಇನ್ನೊಂದು ಜೋಡಿ ಕಾಲೂ ತಾ."

ಮರಿ ಬರಲಿಲ್ಲ.

ನಲವತ್ತಾರನೆಯ ಇಸವಿಯ ಉಗಾದಿ ಹತ್ತಿರ ಬಂತು. ಆ ಸಂವತ್ಸರಕ್ಕೆ ವ್ಯಯ ಎಂದು ಹೆಸರು. ಪಂಚಾಂಗದವರು ಮುಚ್ಚುಮರೆ ಇಟ್ಟಿರಲಿಲ್ಲ. ಕಳಕಮ್ಮ ಹೇಳಿ ಕಳಿಸಿದಳು: ಹತ್ತು ತುಂಬಿದ ಮೊಮ್ಮಗಳಿಗೆ ಗಂಡು ಗೊತ್ತಾಗಿದೆ, ಉಗಾದಿಯಾಗಿ ಎರಡನೆಯ ದಿನ ನಿಶ್ಚಯ. ಹೊಸ ಬೀಗರು ಕೂತಿರುತ್ತಾರೆ. ಅವರ ಮುಂದೆ ತೌರಿನ ಎಲೆ ಬಿಚ್ಚಬೇಕು. ‘ಇದೊಂದು ಸಲ. ಮುಂದ ನಮ್ಮ ಪಾಳಿ.’

"ಇದೊಂದು ಸಲ," ಎಂದು ದ್ಯಾವಪ್ಪ ಜಮಾದಾರನಿಗೆ ಹೇಳಿದ. ಜಮಾದಾರನಿಗೆ ಆಗ ಕಿವಿ ಮಂದವಾಗಿತ್ತು.

ಅವನು ಒಂದು ಉಪಾಯ ಮಾಡಿದ್ದ. ನಾಯಿ ಗುಡ್ಡ ಹತ್ತಲೇಬೇಕು ಎಂದು ಎಲ್ಲೂ ಮಾತಿಲ್ಲ. ಗುಡ್ಡದ ಕಡೆಯಿಂದ ಬರಬೇಕು, ಅಷ್ಟೇ. ಕರಿಯ ದಿನ ಹಲಗೆ ತನ್ನ ಬಾಗಿಲಿಗೆ ಬಂದು ಹೆಸರು ಕೂಗಿದ ಕೂಡಲೇ, ತಂಪು ಹೊತ್ತಿನಲ್ಲೇ ಹೊರಟ. ಗುಡ್ಡದ ಬುಡದ ತನಕವೂ ಹೋಗಲಿಲ್ಲ. ಅರ್ಧ ದಾರಿಯಲ್ಲಿ ಒಂದು ಹುಣಸೆಯ ನೆರಳು ಹಿಡಿದು ಇಬ್ಬರೂ ಕೂತರು. ಬೇಟೆಯವರ ಗುಂಪು ಹಿಂದಿನಿಂದ ಬಂದು ಅವರನ್ನು ದಾಟಿತು. ಬೇಟೆಯ ಹಿರಿಯ ದೇವೇಂದ್ರಪ್ಪ, ಬಡಿಗೆ ಹೆಗಲ ಮೇಲಿಟ್ಟುಕೊಂಡು ನಿಂತ.

"ಏನೋ ತಳವಾರ, ಬ್ಯಾಟಿಗೆ ಬಂದೀಯೋ ಬ್ಯಾಸಗಿಗೆ ಬಂದೀಯೋ?"

"ಮೊಲ ಈ ಕಡೆ ಬಂದ್ರ ಅಂತ ಕುಂತೀವ್ರಿ."

"ಬಂದ್ರ ಏನ್ ಮಾಡ್ತೀರಿ?"

"ಕುಂಡ್ರು ಅಂತೀವಿ."

ಗುಂಪು ನಕ್ಕು ಮುಂದೆ ಹೋಯಿತು. ದೇವೇಂದ್ರಪ್ಪ ನಗಲಿಲ್ಲ. "ಸಂಜೀಕ ನಾ ನೋಡ್ತಿರ್ತೀನಿ," ಎಂದು ಹೇಳಿ ಹೋದ. ಅವನು ಕೆಟ್ಟವನೇನಲ್ಲ, ಅವನ ಕಾಲದಲ್ಲಿ ರೀತಿ ಕೆಟ್ಟಿತು ಎಂದು ಹೇಳಿಸಿಕೊಳ್ಳಲು ತಯಾರಿರಲಿಲ್ಲ.

ಹಗಲೆಲ್ಲ ದ್ಯಾವಪ್ಪ ನೆರಳು ಸರಿದ ಹಾಗೆ ನಾಯಿಯನ್ನು ಸರಿಸಿದ. ಸೋರೆಬುರುಡೆಯಿಂದ ಅಂಗೈಗೆ ನೀರು ಹಾಕಿ ಕುಡಿಸಿದ. ಗಾಳಿ ಬಂದಾಗ ದೂರದ ಗುಡ್ಡದಿಂದ ಕೂಗು ಕೇಳುತ್ತಿತ್ತು; ಜಮಾದಾರನ ಕಿವಿಗೆ ಅದು ಹೇಗೆ ಮುಟ್ಟಿತೋ, ಒಂದು ಸಲ ಎದ್ದು ನಿಂತು ಆ ಕಡೆ ಮೂತಿ ಎತ್ತಿದ. ಕಾಲು ನಡುಗಿತು. ಮತ್ತೆ ಕೂತ.

ಬಿಸಿಲು ಇಳಿದ ಮೇಲೆ, ಬೇಟೆಯವರಿಗಿಂತ ಮುಂಚೆ ಬಂಡೆ ಮುಟ್ಟೋಣವೆಂದು ಹೊರಟರು. ಸ್ವಲ್ಪ ನಡೆ, ಸ್ವಲ್ಪ ನಿಲ್ಲು. ನಾಯಿ ನಿಂತಾಗ ದ್ಯಾವಪ್ಪ ಬೀಡಿ ಹುಡುಕುವವನಂತೆ ರುಮಾಲು ಬಿಚ್ಚಿ ಕಟ್ಟುತ್ತಿದ್ದ. ನಾಯಿಗೆ ತನ್ನಿಂದ ತಡವಾಯಿತು ಎನ್ನಿಸಬಾರದು ನೋಡಿ. ಅಷ್ಟಾದರೂ ಬೇಟೆಯವರೇ ಮುಂದಾದರು. ಇವರು ಕಣ್ಣಿಗೆ ಬಂಡೆ ಕಾಣುವಲ್ಲಿಗೆ ಬರುವ ಹೊತ್ತಿಗೆ ಹೈದರಸಾಬ ಕತ್ತಿ ತೊಳೆಯುತ್ತಿದ್ದ.

ಬಂಡೆ ಅಲ್ಲೇ ಇತ್ತು. ಹರವಿದ ಮಾಂಸದ ವಾಸನೆ ಬರುವಷ್ಟು ಹತ್ತಿರ. ಜಮಾದಾರ ಒಂದು ತುಗ್ಗಲಿ ಗಿಡದ ಪಕ್ಕದಲ್ಲಿ ಕೂತ.

"ಬಾ ಜಮಾದಾರ. ಬಂತು ನೋಡು. ಬಾ."

ಬಾಲ ಬಂತು, ಕಾಲು ಬರಲಿಲ್ಲ.

ಬಂಡೆಯ ಸುತ್ತ ನಿಂತವರು ಈ ಕಡೆ ತಿರುಗಿದರು. ದೇವೇಂದ್ರಪ್ಪ ಹೆಸರು ಕೂಗತೊಡಗಿದ. ಕೂಗಿಸಿಕೊಂಡವರು ಪಾಲು ತೆಗೆದುಕೊಂಡರು, ಯಾರೂ ಮನೆಗೆ ಹೋಗಲಿಲ್ಲ. ಹೈದರಸಾಬ ಕತ್ತಿ ಕೆಳಗಿಟ್ಟು ಕಣ್ಣು ತಿಕ್ಕಿಕೊಂಡ. "ಧೂಳು ಬಿದ್ದೈತ್ರಿ ಕಣ್ಣಾಗ. ಏನೂ ಕಾಣವಲ್ದು. ನಿಮಗೂ ಯಾರಿಗರ ಬಿದ್ದೈತೇನು ನೋಡ್ರಿ," ಎಂದು ಎಲ್ಲರಿಗೂ ಕೇಳುವ ಹಾಗೆ ಅಂದ. ಕೆಲವರಿಗೆ ಬಿದ್ದಿತು. ದೇವೇಂದ್ರಪ್ಪನಿಗೆ ಬೀಳಲಿಲ್ಲ.

ದ್ಯಾವಪ್ಪ ನಾಯಿಯ ಹೊಟ್ಟೆಯ ಕೆಳಗೆ ಕೈ ಹಾಕಿದ. ಒಂದಿಷ್ಟು ಎತ್ತಿ ನಿಲ್ಲಿಸಿದರೆ ನಾಲ್ಕು ಹೆಜ್ಜೆ ಬರಬಹುದು. ಜಮಾದಾರ ನರಳಲಿಲ್ಲ, ದೊಡ್ಡದೊಂದು ಉಸಿರು ಬಿಟ್ಟು, ಅವನ ಕೈಯ ಮೇಲೆಯೇ ಗದ್ದ ಇಟ್ಟು ಮಲಗಿದ. ಆ ಉಸಿರು ದ್ಯಾವಪ್ಪನಿಗೆ ಗುರುತಿನದು. ದಿನಾ ಸಂಜೆ ಕಟ್ಟೆಯ ಮೇಲೆ ಕೂಡುವಾಗ ತಾನು ಬಿಡುವ ಉಸಿರು ಅದೇ. ಅವನು ಮೆಲ್ಲಗೆ ಕೈ ತೆಗೆದುಕೊಂಡ. ಇನ್ನು ಎಬ್ಬಿಸುವುದಿಲ್ಲ ಎಂದು ಅಲ್ಲೇ ತೀರ್ಮಾನವಾಯಿತು.

ಒಬ್ಬನೇ ಬಂಡೆಗೆ ಬಂದ.

"ತಳವಾರ ದ್ಯಾವಪ್ಪ," ಎಂದು ದೇವೇಂದ್ರಪ್ಪ ಕೂಗಿದ, ಎದುರಿಗೇ ನಿಂತವನನ್ನು. "ಗಂಡಾಳಿನ ಪಾಲು ಒಂದು. ನಾಯಿದು ಇಲ್ಲ."

"ಗಂಡಾಳಿಂದು ಬ್ಯಾಡ್ರಿ. ನಾಯಿದು ಹಾಕ್ರಿ."

"ನಾಯಿ ಬಂದಿಲ್ಲಲ್ಲೋ."

"ಇಬ್ರು ಹೊಂಟಿದ್ವಿ, ಒಬ್ಬ ಮುಟ್ಟೀವಿ. ಒಂದು ಪಾಲಿಗೆ ಕಾಲು ಬಂದಾವು. ಯಾರ ಪಾಲಿಗೆ ಅಂತ ನಾ ಹೇಳ್ತೀನ್ರಿ. ಮುಟ್ಟಿದಂವ ಜಮಾದಾರ. ಅಲ್ಲಿ ತುಗ್ಗಲಿ ಗಿಡದಾಗ ಕುಂತಂವ ದ್ಯಾವಪ್ಪ."

ಹಿಂದೆ ಯಾರೋ ಕಿಸಕ್ಕೆಂದರು. "ನಾಯಿಗೆ ನಾಕು ಕಾಲು ಇರ್ತಾವಪ್ಪೋ," ಎಂದಿತು ಒಂದು ದನಿ. ದ್ಯಾವಪ್ಪನಿಗೆ ನಿಲ್ಲಲಾಗುತ್ತಿರಲಿಲ್ಲ. ಎರಡೂ ಕೈ ನೆಲಕ್ಕೆ ಊರಿ, ಮೊಣಕಾಲು ಮಡಿಸಿ ಕೂಡುವುದರಲ್ಲಿದ್ದ. ಕಾಲಿನ ಲೆಕ್ಕವೂ ಕೂಡಿ ಬಂತು.

ದೇವೇಂದ್ರಪ್ಪ ಬಗ್ಗಿ, ಮೆತ್ತಗೆ ಮಾತಾಡಿದ. "ಲೇ ದ್ಯಾವಪ್ಪ, ತಿಳಕೊಂಡು ಮಾತಾಡು. ಮನ್ಯಾಗ ಇನ್ನೊಬ್ಬ ಗಂಡಾಳಿಲ್ಲ. ಗಂಡಾಳಿನ ಪಾಲು ಬಿಟ್ಟರ ಸಾಲು ಬಿಟ್ಟಂಗ, ತಿರುಗಿ ಕೂಡಿಸಂಗಿಲ್ಲ. ಬರೋ ಉಗಾದಿಗೆ ಹಲಗಿ ನಿನ್ನ ಬಾಗಲಾಗ ನಿಂದ್ರಂಗಿಲ್ಲ. ನಿಮ್ಮಜ್ಜ, ನಿಮ್ಮಪ್ಪ ಕೂಗಿಸಿಕೊಂಡ ಬಾಗಲ ಅದು."

ದ್ಯಾವಪ್ಪನಿಗೆ ಅದು ಗೊತ್ತಿಲ್ಲದ ಮಾತಲ್ಲ. ವರ್ಷವೆಲ್ಲ ಅವನ ಹೆಸರು ಕೂಗುವವರಿಗೇನೂ ಬರವಿರಲಿಲ್ಲ. ಆದರೆ ಕೆಲಸ ಹೇಳುವುದಕ್ಕಲ್ಲದೆ ಆ ಹೆಸರನ್ನು ಕೂಗುತ್ತಿದ್ದದ್ದು ಅದೊಂದೇ ಮುಂಜಾನೆ. ಹಲಗೆಯ ಸದ್ದು ಓಣಿಯ ಆ ತುದಿಯಲ್ಲಿರುವಾಗಲೇ ಎದ್ದು, ಎಚ್ಚರವಿಲ್ಲದವನಂತೆ ಮಲಗಿ ಕಾಯುತ್ತಿದ್ದ. ಅವನು ಮಾಂಸದ ಕಡೆ ನೋಡಿದ, ಗಿಡದ ಕಡೆ ನೋಡಿದ.

"ಹಲಗಿ ನಿಂದ್ರೋದು ಬ್ಯಾಡ್ರಿ. ಮುಂದ ಹೋಗ್ಲಿ," ಎಂದ. "ಕೊರಳಿನ ಚೂರು ಹಾಕೋದು ಮರೀಬ್ಯಾಡ್ರಿ. ಬೀಗರ ಮುಂದ ಬಿಚ್ಚತಾರ."

ದೇವೇಂದ್ರಪ್ಪ ನೆಟ್ಟಗಾದ. "ದ್ಯಾವಪ್ಪನ ನಾಯಿ," ಎಂದು ಕೂಗಿದ.

ಹೈದರಸಾಬ ಚೂರು ದೊಡ್ಡದು ಮಾಡಲಿಲ್ಲ, ಸಣ್ಣದೂ ಮಾಡಲಿಲ್ಲ. ಎಲ್ಲಾ ನಾಯಿಗಳಿಗೆ ಹಾಕಿದಷ್ಟೇ ಎಲೆಗೆ ಹಾಕಿದ.

ಇನ್ನು ಹೊರಬಾರದು ಎಂದು ಹೇಳುವವರು ಯಾರೂ ಇರಲಿಲ್ಲ. ದ್ಯಾವಪ್ಪ ಜಮಾದಾರನನ್ನು ಕುರಿ ಹೊತ್ತ ಹಾಗೆ ಹೆಗಲಿಗೆ ಹಾಕಿಕೊಂಡು, ಗಂಟನ್ನು ಕೈಯಲ್ಲಿ ಹಿಡಿದು ಮನೆಗೆ ಬಂದ. ಕರಿಯವ್ವ ಒಲೆಯ ಮೇಲೆ ಎಸರಿಟ್ಟು, ಮಸಾಲೆ ಅರೆದು ಕಾಯುತ್ತಿದ್ದಳು. ಗಂಟು ಬಿಚ್ಚಿ, ಕೊರಳಿನ ಚೂರು ನೋಡಿ, ಮುಖ ಅರಳಿಸಿದಳು. ಆಮೇಲೆ ಅವನ ಇನ್ನೊಂದು ಕೈ ನೋಡಿದಳು.

"ಗಂಡಾಳಿನ ಪಾಲು ಎಲ್ಲಿ?"

"ಗಂಡಾಳು ದಾರ್ಯಾಗ ಕುಂತ."

ಅವಳು ಅವನನ್ನು ನೋಡಿದಳು, ಹೆಗಲಿನಿಂದ ಇಳಿದು ಗೋಡೆಗೆ ಒರಗಿದ ನಾಯಿಯನ್ನು ನೋಡಿದಳು. ಎದ್ದು, ಎಸರಿಗೆ ಬೇಳೆ ಹಾಕಿದಳು. ಅರೆದ ಮಸಾಲೆ ಬೇಳೆಗೆ ಸ್ವಲ್ಪ ಹೆಚ್ಚೇ ಆಯಿತು. ಇಬ್ಬರೂ ಕಣ್ಣಲ್ಲಿ ನೀರು ತಂದುಕೊಂಡು ಉಂಡರು, ಖಾರ ಎಂದರು.

ಮರುದಿನ ತಾವರಗೇರಿಯ ಕಡೆಗೆ ಅರ್ಧ ದಿನದ ದಾರಿ. ಹೊರಡುವ ಮೊದಲು ನಾಯಿಯನ್ನು ಹಳ್ಳದ ಉಸುಕಿನಲ್ಲಿ ಸ್ವಲ್ಪ ಅಡ್ಡಾಡಿಸಿ ಬರಬೇಕಾಯಿತು. ನಿನ್ನೆ ಏನೇ ಆಗಿರಲಿ, ಹಿಂಗಾಲು ಇವತ್ತು ಹಿಡಿಯುತ್ತದೆ. ಹಾಗಾಗಿ ಅವನು ಮಗಳ ಮನೆ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು, ಹೊಸ ಬೀಗರು ಚಾಪೆಯ ಮೇಲೆ ಕೂತು ಆಗಿತ್ತು, ಕಳಕಮ್ಮ ಎರಡು ಸಲ ಬಾಗಿಲಿಗೆ ಬಂದು ಹೋಗಿದ್ದಳು. ಫಕೀರಮ್ಮ ಬಾಗಿಲು ಬಿಟ್ಟು ಕದಲಿರಲೇ ಇಲ್ಲ.

ಕಳಕಮ್ಮ ಎಲ್ಲರ ನಡುವೆ ಎಲೆ ಬಿಚ್ಚಿದಳು. ಬೆರಳಿನಿಂದ ಹೊರಳಿಸಿ, ಕೊರಳಿನ ಚೂರು ಮೇಲಕ್ಕೆ ಬರುವ ಹಾಗೆ ಇಟ್ಟಳು.

"ನಮ್ಮ ಸೊಸಿ ತೌರಿಂದು," ಎಂದಳು ಬೀಗರಿಗೆ. "ಹನ್ನೆರಡು ವರ್ಷ ಆತು, ಒಂದು ಉಗಾದಿ ತಪ್ಪಿಲ್ಲ."

ಮೊದಲನೆಯದು ತಪ್ಪಿದ್ದನ್ನು ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ. ಫಕೀರಮ್ಮ ತಲೆ ಎತ್ತಿ ಅತ್ತೆಯನ್ನು ನೋಡಿದಳು. ಹೊಸ ಬೀಗರಲ್ಲಿ ಒಬ್ಬ ಮುದುಕ ತಲೆ ಹಾಕಿ, ಛಲೋ ನಾಯಿ ಇರಬೇಕು, ಎಂದ.

ಆಮೇಲೆ, ಗದ್ದಲ ಒಳಗೆ ಹೋದ ಮೇಲೆ, ಫಕೀರಮ್ಮ ಪಡಸಾಲೆಗೆ ಬಂದು ಅಪ್ಪನ ಪಕ್ಕ ನಿಂತಳು.

"ಜಮಾದಾರ ಇನ್ನ ಬಂಡೆಗಲ್ಲಿನ ತನಕ ನಡಕೋತ ಬರ್ತಾನೇನಪ್ಪ?"

"ಬಂದ ತಗೋ."

"ನೀ ಯಾಕ ಹಿಂಗ ಸೊರಗೀದಿ?"

"ಬಿಸಿಲು."

ಅವಳು ಮಜ್ಜಿಗೆ ತರಲು ಒಳಗೆ ಹೋದಳು. ಬರುವುದರೊಳಗೆ ದ್ಯಾವಪ್ಪ ಕಂಬಕ್ಕೆ ಒರಗಿ, ಬಾಯಿ ಸ್ವಲ್ಪ ತೆರೆದು, ನಿದ್ದೆ ಹೋಗಿದ್ದ. ಒಳಗಿನಿಂದ ಯಾರೋ ಅವನನ್ನು ಊಟಕ್ಕೆ ಕರೆದರು. ಎರಡನೆಯ ಸಲ ಹೆಸರು ಹಿಡಿದು ಕರೆದರು. ಫಕೀರಮ್ಮ ಬಾಗಿಲ ಕಡೆ ಕೈ ಅಡ್ಡ ಮಾಡಿ ಸುಮ್ಮನಿರಿ ಎಂದಳು. ಮಜ್ಜಿಗೆಯ ಮೇಲೆ ತಾಟು ಮುಚ್ಚಿ, ಅವನ ಪಕ್ಕದಲ್ಲಿ ಕೂತು, ಸೆರಗಿನಿಂದ ನೊಣ ಹೊಡೆಯತೊಡಗಿದಳು.